ಬೆತ್ತ, ಮೂಗುಬೊಟ್ಟು, ಭಾಷೆ: ಶಾಲೆ ಯಾರ ಮಾತು ಕೇಳಬೇಕು?



ಹೋದ ವರ್ಷ ಜೋಳದ ರಾಶಿ ಮುಗಿದ ಹೊತ್ತಿನಲ್ಲಿ ಗಡಿಯಾಚೆಯ ನಮ್ಮ ಭಕ್ತರ ಒಂದು ಊರಿಗೆ ಹೋಗಿದ್ದೆವು. ಅಕ್ಕಲಕೋಟೆ, ಜತ್ತ ಸೀಮೆಯ ಎಷ್ಟೋ ಹಳ್ಳಿಗಳಂತೆ ಅಲ್ಲಿಯೂ ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಅಂದು ಊರಿನ ಕನ್ನಡ ಶಾಲೆಯಲ್ಲಿ ವ್ಯವಸ್ಥಾಪನ ಸಮಿತಿಯ ಸಭೆ ಕೂಡಿತ್ತು. ಪಾಲಕರಲ್ಲಿ ಹೆಚ್ಚಿನವರು ಒಕ್ಕಲಿಗರು, ನಾಲ್ಕಾರು ಜನ ಅಂಗಡಿಕಾರರು. ನಮ್ಮನ್ನೂ ಕರೆದು ಜಮಖಾನೆಯ ಮೇಲೆ ಕೂಡಿಸಿಕೊಂಡರು.

ಮಾತು ಶುರುವಾದದ್ದೇ ತಡ, ಒಬ್ಬೊಬ್ಬರದು ಒಂದೊಂದು ಬೇಡಿಕೆ. ಕಿರಾಣಿ ಅಂಗಡಿಯವರು ಒಂದನೆಯ ಇಯತ್ತೆಯಿಂದಲೇ ಇಂಗ್ಲಿಷ್ ಬೇಕೆಂದರು. ಅವರ ಪಕ್ಕದವರು, "ಮರಾಠಿ ಗಟ್ಟಿ ಆಗಲಿಲ್ಲಂದ್ರ ನಾಳೆ ಹುಡುಗ್ರಿಗೆ ಕಚೇರಿಯೊಳಗ ಒಂದು ಅರ್ಜಿ ಬರಿಯಾಕ ಬರೂದಿಲ್ಲ" ಎಂದರು. ಹಿರಿಯರೊಬ್ಬರು, "ಕನ್ನಡ ಹೋತಂದ್ರ ಮನೀನ ಹೋದಂಗ" ಎಂದು ಎದ್ದು ನಿಂತರು. ಬೆಳಗಿನ ಪ್ರಾರ್ಥನೆಯಲ್ಲಿ ವಚನ ಇರಲಿ ಎಂದು ಒಬ್ಬರು. ಬೇರೆ ಸಮಾಜದ ಮಕ್ಕಳೂ ಇದ್ದಾರೆ, ಎಲ್ಲರಿಗೂ ಹೊಂದುವ ಪ್ರಾರ್ಥನೆ ಸಾಕು ಎಂದು ಇನ್ನೊಬ್ಬರು. ಮುಖ್ಯ ಗುರುಗಳು ಪಾಪ, ಯಾವ ದಿನ ಯಾರ ಜಯಂತಿ, ಯಾವ ವಾರ ಯಾವ ಪ್ರತಿಜ್ಞೆ ಎಂಬ ಸರಕಾರಿ ಸುತ್ತೋಲೆಗಳ ಕಟ್ಟನ್ನೇ ಮುಂದಿಟ್ಟರು. ಕೊನೆಗೆ ಒಬ್ಬ ರೈತರು, "ಮಾಸ್ತರ, ನೀವು ಬಡಿಯೂದು ಬಿಟ್ಟ ಮ್ಯಾಲೇ ಹುಡುಗ್ರು ಕೆಟ್ಟಾರ. ಚಲೋತಂಗ ಬಡೀರಿ, ನಾವ್ಯಾರೂ ಕೇಳೂದಿಲ್ಲ" ಎಂದಾಗ ಎಲ್ಲರೂ ನಕ್ಕರು. ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎರಡು ತಾಸಿನ ನಂತರ ಸಭೆ ಮುಗಿಯಿತು, ತೀರ್ಮಾನ ಒಂದೂ ಆಗಲಿಲ್ಲ.

ಇವರಲ್ಲಿ ಯಾರದೂ ತಪ್ಪು ಬೇಡಿಕೆಯೆಂದು ನಮಗೆ ಅನಿಸಲಿಲ್ಲ. ಬೆತ್ತದ ಮಾತನ್ನು ಬಿಟ್ಟರೆ ಪ್ರತಿಯೊಂದರ ಹಿಂದೆಯೂ ಮಗುವಿನ ಹಿತದ ಚಿಂತೆಯೇ ಇತ್ತು. ಬೆತ್ತದ ಮಾತಿನ ಹಿಂದೆಯೂ ಇತ್ತೆಂದು ಆ ರೈತರು ಹೇಳಿಯಾರು. ಅರಸರ ಕಾಲವಾಗಿದ್ದರೆ ಅರಸನ ಮಾತೇ ಪಾಠ, ಪ್ರಶ್ನೆಯೇ ಇರಲಿಲ್ಲ. ಪ್ರಜೆಗಳೇ ಅರಸರಾದ ಕಾಲದಲ್ಲಿ ಎಲ್ಲರಿಗೂ ಕೇಳುವ ಹಕ್ಕಿದೆ, ಶಾಲೆ ಮಾತ್ರ ಒಂದೇ ಇದೆ. ನಾಳಿನ ಪ್ರಜೆಯನ್ನು ಅಲ್ಲಿ ಯಾರ ಇಚ್ಛೆಯಂತೆ ರೂಪಿಸಬೇಕು? ಈ ಪ್ರಶ್ನೆಯನ್ನು ಒಂದೇ ಏಟಿಗೆ, ಮೈಮೇಲೆ ಗಾಯ ಹಸಿಯಿರುವಾಗಲೇ ಎದುರಿಸಬೇಕಾಗಿ ಬಂದ ದೇಶವೊಂದಿದೆ. ಆ ದಕ್ಷಿಣ ಆಫ್ರಿಕಾದ ಕಥೆ ನಮ್ಮ ಜಮಖಾನೆಯ ಸಭೆಗೂ ಬೆಳಕು ಕೊಡುವಂಥದು. ಆದುದರಿಂದ ಅದನ್ನು ಸ್ವಲ್ಪ ವಿವರವಾಗಿ ನಿಮ್ಮ ಮುಂದಿಡುತ್ತೇವೆ.

ಆ ನಾಡು ನಮಗೆ ತೀರ ಅಪರಿಚಿತವೇನಲ್ಲ. 1860ರಿಂದ ಮದ್ರಾಸು, ಕಲಕತ್ತೆಗಳಲ್ಲಿ ಹಡಗು ಹತ್ತಿ ನಟಾಲದ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ಹೋದ ತಮಿಳರು, ತೆಲುಗರು, ಹಿಂದಿ ಭಾಷಿಕರು ಅಲ್ಲಿ ಬೇರುಬಿಟ್ಟಿದ್ದಾರೆ. ಅವರ ಹಿಂದೆ ಗುಜರಾತಿ ವ್ಯಾಪಾರಿಗಳು ಹೋದರು. ಗಾಂಧೀಜಿಯವರು 1893ರಲ್ಲಿ ಅಲ್ಲಿಗೆ ಹೋದದ್ದೇ ಅಂಥ ಒಬ್ಬ ವ್ಯಾಪಾರಿಯ ವ್ಯಾಜ್ಯಕ್ಕಾಗಿ. ಇಂದು ಆ ದೇಶದ ಸಂವಿಧಾನ ಗೌರವದಿಂದ ಕಾಣಬೇಕೆಂದು ಹೆಸರಿಸುವ ಭಾಷೆಗಳಲ್ಲಿ ತಮಿಳು, ತೆಲುಗು, ಹಿಂದಿ, ಗುಜರಾತಿ, ಉರ್ದು ಇವೆ. ಕನ್ನಡ ಇಲ್ಲ, ನಮ್ಮವರು ಅಷ್ಟು ದೂರ ಹೋಗಿ ನೆಲೆನಿಂತವರಲ್ಲ.

ಅಲ್ಲಿ 1948ರಲ್ಲಿ ಅಧಿಕಾರಕ್ಕೆ ಬಂದ ನ್ಯಾಷನಲ್ ಪಕ್ಷ ವರ್ಣಭೇದವನ್ನೇ ರಾಜ್ಯನೀತಿ ಮಾಡಿತು. 1953ರಲ್ಲಿ ಬಾಂಟು ಶಿಕ್ಷಣ ಕಾಯಿದೆ ಬಂದಿತು. ಅದರ ಶಿಲ್ಪಿ ಹೆಂಡ್ರಿಕ್ ಫೆರ್ವೂರ್ಡ್ ಎಂಬ ಸಚಿವ. ಕೆಲವು ಬಗೆಯ ಕೂಲಿಗಿಂತ ಮೇಲಿನ ಸ್ಥಾನ ಬಿಳಿಯರ ಸಮಾಜದಲ್ಲಿ ಕಪ್ಪು ಮನುಷ್ಯನಿಗೆ ಇಲ್ಲ, ಬಳಸಲಾಗದ ಗಣಿತವನ್ನು ಆ ಮಗುವಿಗೆ ಕಲಿಸಿ ಫಲವೇನು ಎಂಬ ಅರ್ಥದ ಮಾತನ್ನು ಆತ ಸಂಸತ್ತಿನಲ್ಲೇ ಆಡಿದ. ಕಪ್ಪು ಮಕ್ಕಳಿಗೆ ಒಳ್ಳೆಯ ವಿದ್ಯೆ ಕೊಡುತ್ತಿದ್ದ ಮಿಷನ್ ಶಾಲೆಗಳ ಅನುದಾನ ನಿಂತಿತು, ಹೆಚ್ಚಿನವು ಸರಕಾರದ ಕೈಸೇರಿದವು. 1970ರ ದಶಕದ ನಡುವಿನಲ್ಲಿ ಸರಕಾರ ಒಂದು ಬಿಳಿಯ ಮಗುವಿಗೆ ಮಾಡುತ್ತಿದ್ದ ಖರ್ಚು ಒಂದು ಕಪ್ಪು ಮಗುವಿಗೆ ಮಾಡುತ್ತಿದ್ದ ಖರ್ಚಿನ ಹತ್ತುಪಟ್ಟಿಗೂ ಹೆಚ್ಚು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ ಕಾಲದಲ್ಲಿ ಅಲ್ಲಿ ಪೌರಶಿಕ್ಷಣ ಇರಲಿಲ್ಲವೆಂದಲ್ಲ, ಧಾರಾಳವಾಗಿಯೇ ಇತ್ತು. ಬಿಳಿಯ ಮಗುವಿಗೆ ಆಳುವ ಪೌರತ್ವ, ಕಪ್ಪು ಮಗುವಿಗೆ ಆಳಿಸಿಕೊಳ್ಳುವ ಪೌರತ್ವ. 1967ರ ಕಾಯಿದೆಯೊಂದು ಬಿಳಿಯರ ಶಿಕ್ಷಣ ಕ್ರೈಸ್ತ ಮತ್ತು ರಾಷ್ಟ್ರೀಯ ಸ್ವರೂಪದ್ದಾಗಿರಬೇಕೆಂದು ವಿಧಿಸಿತು. ಧರ್ಮ, ದೇಶಭಕ್ತಿ, ಶಿಸ್ತು, ಬೆತ್ತ ಎಲ್ಲವೂ ಆ ಶಾಲೆಗಳಲ್ಲಿ ಇದ್ದವು. ಇವೆಲ್ಲ ಇದ್ದೂ ಅಲ್ಲಿ ಕಲಿತವರು ಅನ್ಯಾಯದ ರಾಜ್ಯವೊಂದನ್ನು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ನಡೆಸಿದರು. ಧರ್ಮವನ್ನೂ ಶಿಸ್ತನ್ನೂ ಶಾಲೆಗೆ ತಂದರೆ ಸಾಕು, ಒಳ್ಳೆಯ ಪ್ರಜೆ ತಾನಾಗಿ ಬೆಳೆಯುತ್ತಾನೆಂದು ನಂಬುವ ನಮ್ಮಂಥವರು ಈ ಮಾತನ್ನು ಸುಲಭವಾಗಿ ದಾಟಿ ಹೋಗುವಂತಿಲ್ಲ.

ಕಡೆಗೆ ಕಿಡಿ ಬಿದ್ದದ್ದು ಭಾಷೆಯ ಮೇಲೆ. ಅರ್ಧದಷ್ಟು ವಿಷಯಗಳನ್ನು ಬಿಳಿಯ ಆಳರಸರ ಆಫ್ರಿಕಾನ್ಸ್ ಭಾಷೆಯಲ್ಲೇ ಕಲಿಸಬೇಕೆಂಬ ಆಜ್ಞೆ ಹೊರಟಿತು. ಕಲಿಸುವವರಿಗೂ ಬಾರದ, ಕಲಿಯುವವರಿಗೂ ಬೇಡವಾದ ಭಾಷೆ. 1976ರ ಜೂನ್ 16ರಂದು ಸೊವೆಟೊದ ಸಾವಿರಾರು ವಿದ್ಯಾರ್ಥಿಗಳು ಮೆರವಣಿಗೆ ಹೊರಟರು, ಪೊಲೀಸರು ಗುಂಡು ಹಾರಿಸಿದರು. ಸತ್ತವರಲ್ಲಿ 12 ವರ್ಷದ ಹೆಕ್ಟರ್ ಪೀಟರ್ಸನ್ ಒಬ್ಬ. ಅವನನ್ನು ಎತ್ತಿಕೊಂಡು ಓಡುವ ಯುವಕನ ಚಿತ್ರವನ್ನು ಜಗತ್ತು ನೋಡಿತು. ಇಂದು ಆ ದಿನ ಅಲ್ಲಿ ಯುವಜನರ ದಿನವೆಂದು ಸಾರ್ವಜನಿಕ ರಜೆ.

1994ರ ಏಪ್ರಿಲ್ 27ರಂದು ಎಲ್ಲ ಬಣ್ಣದ ಜನರೂ ಕೂಡಿ ಮೊದಲ ಸಲ ಮತ ಹಾಕಿದರು. ನೆಲ್ಸನ್ ಮಂಡೇಲಾ ಅಧ್ಯಕ್ಷರಾದರು. ಬಣ್ಣಕ್ಕೊಂದು, ಪ್ರಾಂತಕ್ಕೊಂದು ಎಂದು ಹತ್ತಕ್ಕೂ ಹೆಚ್ಚಿದ್ದ ಶಿಕ್ಷಣ ಇಲಾಖೆಗಳನ್ನು ಒಂದು ವ್ಯವಸ್ಥೆಗೆ ತಂದರು. ಆದರೆ ಕಟ್ಟಡಗಳು ಹಳೆಯವೇ, ಮಾಸ್ತರರೂ ಹಳಬರೇ. ನಿನ್ನೆಯವರೆಗೆ ಎದುರಾಡಬೇಡ ಎಂದು ಕಲಿಸಿದವರೇ ನಾಳೆಯಿಂದ ಪ್ರಶ್ನೆ ಕೇಳು ಎಂದು ಕಲಿಸಬೇಕು. ಅದೇ ಕೂರಿಗೆ, ಅದೇ ಹೊಲ, ಬೀಜ ಮಾತ್ರ ಬೇರೆ.

ಹೊಸ ಸರಕಾರದ ಬೇಡಿಕೆಯಲ್ಲೇ ಒಂದು ಇಬ್ಬಂದಿಯಿತ್ತು. ಒಂದು ಕಡೆ, ಹಿಂದಿನದನ್ನು ಮರೆತು ಒಂದಾಗೋಣ. ಇನ್ನೊಂದು ಕಡೆ, ಹಿಂದಿನದನ್ನು ಮರೆಯಕೂಡದು. ರಾಷ್ಟ್ರಗೀತೆಯಲ್ಲಿಯೇ ಇದು ಕಾಣುತ್ತದೆ. 1997ರಲ್ಲಿ ಹೋರಾಟಗಾರರ ಪ್ರಾರ್ಥನಾಗೀತೆಯನ್ನೂ ಹಳೆಯ ಬಿಳಿಯ ಸರಕಾರದ ಗೀತೆಯನ್ನೂ ಕೂಡಿಸಿ ಐದು ಭಾಷೆಗಳ ಒಂದೇ ಗೀತೆ ಮಾಡಿದರು. ತಂದೆಯನ್ನು ಜೈಲಿಗೆ ಹಾಕಿದವರ ಹಾಡನ್ನೂ ಮಗ ಹಾಡಬೇಕು, ಜೈಲಿಗೆ ಹೋದವರ ಹಾಡನ್ನು ಜೈಲರನ ಮಗನೂ ಹಾಡಬೇಕು. ಅದೇ ವರ್ಷ ಬಂದ ಹೊಸ ಪಠ್ಯಕ್ರಮದಲ್ಲಿ ಇತಿಹಾಸ ತನ್ನ ಪ್ರತ್ಯೇಕ ಸ್ಥಾನ ಕಳೆದುಕೊಂಡು ಸಮಾಜ ವಿಷಯಗಳೊಳಗೆ ಕರಗಿಹೋಯಿತು. ಭಾರತೀಯ ಮೂಲದ ಕಾದರ್ ಅಸ್ಮಲ್ ಅವರು 1999ರಲ್ಲಿ ಶಿಕ್ಷಣ ಸಚಿವರಾದ ಮೇಲೆ ಲೇಖಕ ನ್ಜಬುಲೊ ಎನ್‌ಡೆಬೆಲೆ ಅವರ ಮುಂದಾಳುತನದಲ್ಲಿ ಒಂದು ಮಂಡಳಿ ರಚಿಸಿ, ಇತಿಹಾಸವನ್ನು ಮತ್ತೆ ಶಾಲೆಗೆ ಕರೆತರುವ ಕೆಲಸ ಹಿಡಿದರು. 2008ರಲ್ಲಿ ಶಾಲಾಮಕ್ಕಳಿಗಾಗಿ ಒಂದು ಪ್ರತಿಜ್ಞೆಯ ಕರಡು ಹೊರಬಂದಾಗ, ಹಿಂದಿನ ಅನ್ಯಾಯವನ್ನು ನೆನೆಯುವ ಅದರ ಸಾಲಿನ ಮೇಲೆ ದೊಡ್ಡ ವಾದವೇ ಎದ್ದಿತು. ವರ್ಣಭೇದ ಮುಗಿದ ಮೇಲೆ ಹುಟ್ಟಿದ ಮಗುವಿನ ಬಾಯಲ್ಲಿ ಅಜ್ಜನ ತಪ್ಪನ್ನೇಕೆ ನುಡಿಸುತ್ತೀರಿ ಎಂದು ಕೆಲವರು. ನುಡಿಯದಿದ್ದರೆ ಆ ಮಗು ಅದನ್ನು ತಿಳಿಯುವುದು ಯಾವಾಗ ಎಂದು ಇನ್ನು ಕೆಲವರು. ನಮ್ಮ ಅಭಿಪ್ರಾಯ ಕೇಳಿದರೆ, ನಡೆದದ್ದನ್ನು ನಡೆದಂತೆ ಪಾಠದಲ್ಲಿ ಹೇಳುವುದು ಶಾಲೆಯ ಕರ್ತವ್ಯ. ಪಶ್ಚಾತ್ತಾಪವನ್ನು ಬಾಯಿಪಾಠ ಮಾಡಿಸುವುದು ಅಲ್ಲ. ಬಾಯಿಪಾಠವಾದ ಪಶ್ಚಾತ್ತಾಪ ಗಂಟೆ ಬಾರಿಸಿದೊಡನೆ ಮುಗಿದುಹೋಗುತ್ತದೆ.

ಆದರೆ ಹೊಸ ನಾಡಿನ ನಿಜವಾದ ಪೌರಪಾಠ ಪುಸ್ತಕದಲ್ಲಿ ಆಗಲಿಲ್ಲ. ಶಾಲೆಗಳು ತಮ್ಮ ಜಗಳಗಳನ್ನು ಬಗೆಹರಿಸಿದ ರೀತಿಯಲ್ಲಿ ಆಯಿತು. ಮೂರು ಜಗಳಗಳು ಆ ದೇಶದ ಅತ್ಯುನ್ನತ ಸಂವಿಧಾನ ನ್ಯಾಯಾಲಯದವರೆಗೆ ಹೋದವು. ಅವುಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಬೆತ್ತದ್ದು. 1996ರ ಶಾಲಾ ಕಾಯಿದೆ ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿತು. ಪೊಲೀಸರ ಚಾವಟಿ, ಜೈಲಿನ ಚಾವಟಿ ಕಂಡಿದ್ದ ನಾಡು. ಶಾಲೆಯಿಂದಲಾದರೂ ಅದು ಹೋಗಲಿ ಎಂಬುದು ಉದ್ದೇಶ. ಆಗ 196 ಖಾಸಗಿ ಕ್ರೈಸ್ತ ಶಾಲೆಗಳ ಒಂದು ಸಂಘ ನ್ಯಾಯಾಲಯಕ್ಕೆ ಹೋಯಿತು. ಆ ಶಾಲೆಗಳಲ್ಲಿ ಸುಮಾರು 14,500 ಮಕ್ಕಳು ಓದುತ್ತಿದ್ದರು. ಮಗುವನ್ನು ಪ್ರೀತಿಯಿಂದ ಶಿಕ್ಷಿಸುವುದು ನಮ್ಮ ಧರ್ಮಗ್ರಂಥದ ಆದೇಶ, ಪಾಲಕರು ಒಪ್ಪಿಗೆ ಕೊಟ್ಟಿದ್ದಾರೆ, ನಮಗೆ ವಿನಾಯಿತಿ ಕೊಡಿ ಎಂಬುದು ಅವರ ವಾದ. ಅವರು ಕ್ರೂರಿಗಳಲ್ಲ, ಶ್ರದ್ಧಾವಂತರು. ನಮ್ಮ ಊರಿನ ಆ ರೈತರಂತೆಯೇ ಮಕ್ಕಳ ಹಿತ ಬಯಸಿದವರು.

2000ದ ಆಗಸ್ಟ್ 18ರಂದು ತೀರ್ಪು ಬರೆದವರು ನ್ಯಾಯಮೂರ್ತಿ ಆಲ್ಬಿ ಸಾಕ್ಸ್. ವರ್ಣಭೇದದ ಏಜೆಂಟರು 1988ರಲ್ಲಿ ಇಟ್ಟ ಬಾಂಬಿಗೆ ಬಲಗೈಯನ್ನೂ ಒಂದು ಕಣ್ಣಿನ ದೃಷ್ಟಿಯನ್ನೂ ಕಳೆದುಕೊಂಡ ಮನುಷ್ಯ ಅವರು. ಅವರು ಶ್ರದ್ಧೆಯನ್ನು ಹಗುರಾಗಿ ನೋಡಲಿಲ್ಲ. ನಂಬಿಕೆ ಮತ್ತು ಕಾನೂನು ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ಭಕ್ತನನ್ನು ವಿನಾಕಾರಣ ಇಕ್ಕಟ್ಟಿಗೆ ಸಿಲುಕಿಸಬಾರದು. ಆದರೆ ನಂಬಿಕೆಯೆಂದ ಮಾತ್ರಕ್ಕೆ ಎಲ್ಲ ಕಾನೂನಿನಿಂದಲೂ ವಿನಾಯಿತಿ ಸಿಗದು. ಪಾಲಕರು ತಮ್ಮ ಧರ್ಮದಂತೆ ಮಕ್ಕಳನ್ನು ಬೆಳೆಸಬಹುದು, ಅಂಥ ಶಾಲೆಗೂ ಕಳಿಸಬಹುದು, ಆದರೆ ಮಾಸ್ತರನ ಕೈಗೆ ಬೆತ್ತ ಕೊಡುವ ಅಧಿಕಾರ ಅವರಿಗಿಲ್ಲ. ಹೀಗೆ ಸಂಘ ಸೋತಿತು. ತೀರ್ಪಿನಲ್ಲಿ ಇನ್ನೊಂದು ಮಾತಿದೆ, ಅದು ನಮ್ಮ ಮನಸ್ಸಿಗೆ ನಾಟಿದ ಮಾತು. ಸಂಘದ ಪರ ವಕೀಲರಿದ್ದರು, ಸರಕಾರದ ಪರ ವಕೀಲರಿದ್ದರು. ಯಾರ ಮೈಮೇಲೆ ಬೆತ್ತ ಬೀಳಬೇಕೋ ಆ ಮಕ್ಕಳ ಪರ ಮಾತಾಡಲು ಯಾರನ್ನೂ ನೇಮಿಸಿರಲಿಲ್ಲ ಎಂದು ನ್ಯಾಯಮೂರ್ತಿಗಳು ವಿಷಾದಪಟ್ಟರು. (ಕಾಯಿದೆ ಬಂದ ಮಾತ್ರಕ್ಕೆ ಆ ನಾಡಿನ ಎಲ್ಲ ಶಾಲೆಗಳಿಂದ ಬೆತ್ತ ಹೋಗಲಿಲ್ಲ. ನಮ್ಮಲ್ಲಿಯೂ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಹೊಡೆಯುವುದನ್ನು ನಿಷೇಧಿಸಿದೆ. ಅದು ನಮ್ಮ ಸಭೆಯ ಆ ನಗುವಿಗೆ ಅಡ್ಡ ಬರಲಿಲ್ಲ.)

ಎರಡನೆಯದು ಮೂಗುಬೊಟ್ಟಿನ ಜಗಳ. ಡರ್ಬನ್ ನಗರದ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ದಕ್ಷಿಣ ಭಾರತೀಯ ಮೂಲದ ಒಬ್ಬ ಹಿಂದೂ ಹುಡುಗಿ ಓದುತ್ತಿದ್ದಳು. 2004ರಲ್ಲಿ ರಜೆಯ ಸಮಯದಲ್ಲಿ ಆಕೆಗೆ ಮೂಗು ಚುಚ್ಚಿಸಿದರು. ಶಾಲೆಗೆ ಬಂದಾಗ, ಆಭರಣ ನಿಯಮಕ್ಕೆ ವಿರುದ್ಧ, ತೆಗೆ ಎಂದರು. ತಾಯಿ ಪತ್ರ ಬರೆದರು: ಹುಡುಗಿ ದೊಡ್ಡವಳಾದಾಗ ಮೂಗು ಚುಚ್ಚಿಸುವುದು, ಹದಿನಾರು ತುಂಬಿದಾಗ ಅಜ್ಜಿ ವಜ್ರದ ಬೊಟ್ಟು ತೊಡಿಸುವುದು ನಮ್ಮ ಮನೆತನದ ಸಂಪ್ರದಾಯ. ಶಾಲೆಯ ವಾದವೂ ಪೊಳ್ಳಲ್ಲ. ಸಮವಸ್ತ್ರ ಬಡವ ಬಲ್ಲಿದರನ್ನು ಒಂದೇ ಸಾಲಿನಲ್ಲಿ ಕೂಡಿಸುತ್ತದೆ; ನಿಯಮ ಪಾಲಿಸುತ್ತೇವೆಂದು ಸೇರುವಾಗ ತಾಯಿಯೇ ಒಪ್ಪಿದ್ದಾರೆ; ಇಂದು ಒಬ್ಬಳಿಗೆ ಮೂಗುಬೊಟ್ಟು ಬಿಟ್ಟರೆ ನಾಳೆ ಇನ್ನೊಬ್ಬರು ಇನ್ನೇನೋ ತೊಟ್ಟು ಬರುತ್ತಾರೆ. ಕೆಳಗಿನ ನ್ಯಾಯಾಲಯದಲ್ಲಿ ಶಾಲೆ ಗೆದ್ದಿತು, ಮೇಲಿನದರಲ್ಲಿ ತಾಯಿ ಗೆದ್ದರು. 2007ರ ಅಕ್ಟೋಬರ್ 5ರಂದು ಸಂವಿಧಾನ ನ್ಯಾಯಾಲಯವೂ ತಾಯಿಯ ಪರವಾಗಿ ನಿಂತಿತು.

ಮುಖ್ಯ ನ್ಯಾಯಮೂರ್ತಿ ಪಯಸ್ ಲಾಂಗಾ ಅವರ ವಿಚಾರಸರಣಿ ನಿಧಾನವಾಗಿ ಓದುವಂಥದು. ಮೂಗುಬೊಟ್ಟು ಹಿಂದೂ ಧರ್ಮದಲ್ಲಿ ಕಡ್ಡಾಯವೇನಲ್ಲ ಎಂದು ಅವರು ಒಪ್ಪಿದರು. ಕಡ್ಡಾಯವಲ್ಲದ ಆಚಾರಕ್ಕೂ ರಕ್ಷಣೆ ಬೇಕು. ಹುಡುಗಿಗೆ ಅದು ಮನಃಪೂರ್ವಕವಾದ ನಂಬಿಕೆಯೇ, ಬಿಟ್ಟುಕೊಟ್ಟರೆ ಶಾಲೆಯ ಶಿಸ್ತಿಗೆ ನಿಜವಾದ ಹಾನಿಯುಂಟೇ ಎಂಬುದು ಕೇಳಬೇಕಾದ ಪ್ರಶ್ನೆ ಎಂದರು. ಮುಂದೆ ಬೇರೆ ಮಕ್ಕಳೂ ತಮ್ಮ ತಮ್ಮ ಧರ್ಮ ಸಂಸ್ಕೃತಿಗಳನ್ನು ಅಂಜಿಕೆಯಿಲ್ಲದೆ ತೋರುವಂತಾದರೆ ಅದು ಹೆದರಬೇಕಾದ ಸಂಗತಿಯಲ್ಲ, ಸಂತೋಷಪಡಬೇಕಾದದ್ದು ಎಂಬುದು ಅವರ ಭಾವ. ಸಮವಸ್ತ್ರವನ್ನು ರದ್ದು ಮಾಡಲಿಲ್ಲ. ಮಕ್ಕಳು, ಪಾಲಕರು, ಶಿಕ್ಷಕರನ್ನು ಕೇಳಿ, ವಿನಾಯಿತಿ ಕೊಡುವ ಒಂದು ಕ್ರಮವನ್ನು ನಿಯಮದಲ್ಲಿ ಸೇರಿಸಿ ಎಂದು ಶಾಲೆಗೇ ಹೇಳಿ ಕಳಿಸಿದರು. ಇಲ್ಲಿಯೂ ಅದೇ ವಿಷಾದ ಮರಳಿ ಬಂದಿದೆ. ಸಮಾನತೆಯ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದವರೆಲ್ಲ ದೊಡ್ಡವರು, ಹುಡುಗಿಯನ್ನು ಕೇಳಿಯೇ ಇರಲಿಲ್ಲ. ತೀರ್ಪು ಬರುವ ಹೊತ್ತಿಗೆ ಆಕೆ ಶಾಲೆ ಮುಗಿಸಿ ಹೊರಗೆ ಹೋಗಿಯಾಗಿತ್ತು.

ಬೆತ್ತಕ್ಕೆ ಇಲ್ಲವೆಂದ ನ್ಯಾಯಾಲಯ ಮೂಗುಬೊಟ್ಟಿಗೆ ಹೌದೆಂದದ್ದೇಕೆ? ಎರಡೂ ಕಡೆ ಧರ್ಮದ ಹೆಸರೇ ಬಂದಿತ್ತಲ್ಲ? ನಮಗೆ ಕಾಣುವುದಿಷ್ಟು: ಒಂದರಲ್ಲಿ ದೊಡ್ಡವರು ಮಗುವಿನ ಮೈಮೇಲೆ ತಮ್ಮ ಹಕ್ಕನ್ನು ಕೇಳಿದರು, ಇನ್ನೊಂದರಲ್ಲಿ ಮಗು ತನ್ನ ಮೈಮೇಲೆ ತನ್ನ ಅಜ್ಜಿಯ ಗುರುತನ್ನು ಉಳಿಸಿಕೊಳ್ಳಬಯಸಿತು. ತಕ್ಕಡಿಯ ಒಂದು ತಟ್ಟೆಯಲ್ಲಿ ಧರ್ಮವೆಂದು ಬರೆದ ಚೀಲವಿದ್ದ ಮಾತ್ರಕ್ಕೆ ತೂಕ ಮುಗಿಯುವುದಿಲ್ಲ. ಚೀಲ ಬಿಚ್ಚಿ ಒಳಗಿನ ಕಾಳು ನೋಡಬೇಕೆಂಬುದು ಅಡತಿ ಅಂಗಡಿಯವರಿಗೆ ನಾವು ಹೇಳಿಕೊಡಬೇಕಾದ ಮಾತಲ್ಲ.

ಈ ಮೂಗುಬೊಟ್ಟಿನ ತೀರ್ಪು 2022ರ ಫೆಬ್ರವರಿಯಲ್ಲಿ ಬೆಂಗಳೂರಿನ ಉಚ್ಚ ನ್ಯಾಯಾಲಯದಲ್ಲಿ ಹಿಜಾಬಿನ ವಾದದ ವೇಳೆ ಪ್ರಸ್ತಾಪವಾಯಿತು. ನ್ಯಾಯಾಲಯ ಮಾರ್ಚ್ 15ರಂದು ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲವೆಂದು ಹೇಳಿ ಸರಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ತೀರ್ಪು ಕೊಟ್ಟರು. ನಮ್ಮ ಓದುಗರಲ್ಲಿಯೂ ಎರಡೂ ಮತದವರಿದ್ದಾರೆಂದು ಬಲ್ಲೆವು. ಆ ವ್ಯಾಜ್ಯವನ್ನು ತೀರ್ಮಾನಿಸಲು ನಾವು ಇಲ್ಲಿ ಕುಳಿತಿಲ್ಲ. ಆದರೆ ಒಂದು ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕಾಗಿದೆ. ನಮ್ಮ ಮಗುವಿನ ಕೊರಳಲ್ಲಿ ಇಷ್ಟಲಿಂಗವಿದೆ, ಹಣೆಯಲ್ಲಿ ವಿಭೂತಿಯಿದೆ. ನಾಳೆ ಯಾವುದೋ ಶಾಲೆ ಅದನ್ನು ತೆಗೆದಿಟ್ಟು ಬಾ ಎಂದರೆ ನಾವೇನು ಹೇಳುತ್ತೇವೆ? ಇಷ್ಟಲಿಂಗ ಕಡ್ಡಾಯ ಎನ್ನುತ್ತೇವೆ, ಸರಿ. ವಿಭೂತಿ? ಯಾವುದು ಅತ್ಯಗತ್ಯ, ಯಾವುದು ಅಲ್ಲ ಎಂಬ ಪಟ್ಟಿಯನ್ನು ನಮ್ಮ ಧರ್ಮವನ್ನು ಅರಿಯದ ಯಾರೋ ಬರೆಯಲಿ ಎಂದು ಒಪ್ಪುತ್ತೇವೆಯೆ? ಡರ್ಬನ್ನಿನ ಅಜ್ಜಿಯ ಬೊಟ್ಟಿಗೆ ಕೊಟ್ಟ ನ್ಯಾಯವನ್ನು ನಾವು ಕೇಳುವುದಾದರೆ, ಪಕ್ಕದ ಬೆಂಚಿನ ಮಗುವಿಗೆ ಅದನ್ನು ಕೊಡಲು ನಮ್ಮ ಮನಸ್ಸು ಹಿಂಜರಿಯುವುದೇಕೆ ಎಂದು ಪರೀಕ್ಷಿಸಿಕೊಳ್ಳಬೇಕು. ಹಿಂಜರಿಯುವುದಕ್ಕೆ ಒಳ್ಳೆಯ ಕಾರಣಗಳೂ ಇರಬಹುದು, ಆದರೆ ಕಾರಣಗಳನ್ನು ಬಾಯಿಬಿಟ್ಟು ಹೇಳಬೇಕು. ಕಾಸರಗೋಡಿನ ಬಂಧುಗಳಿಗೆ ನೆನಪಿರಬಹುದು: ಅವರ ಕೇರಳದಲ್ಲೇ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಧರ್ಮದ ಕಾರಣಕ್ಕೆ ಹಾಡದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದರು. ಸರ್ವೋಚ್ಚ ನ್ಯಾಯಾಲಯ 1986ರಲ್ಲಿ ಅವರನ್ನು ಮರಳಿ ಸೇರಿಸಿಕೊಳ್ಳಲು ಹೇಳಿತು.

ಇನ್ನು ಪ್ರಾರ್ಥನೆಯ ಮಾತು. 2003ರಲ್ಲಿ ದಕ್ಷಿಣ ಆಫ್ರಿಕಾ ಶಾಲೆ ಮತ್ತು ಧರ್ಮದ ಬಗ್ಗೆ ಒಂದು ರಾಷ್ಟ್ರೀಯ ನೀತಿ ಮಾಡಿತು. ಎಲ್ಲ ಧರ್ಮಗಳ ಬಗ್ಗೆ ತಿಳಿವಳಿಕೆ ಕೊಡುವುದು ಶಾಲೆಯ ಕೆಲಸ. ಒಂದು ಧರ್ಮದ ದೀಕ್ಷೆ ಕೊಡುವುದು ಮನೆಯ, ಗುಡಿಯ, ಚರ್ಚಿನ ಕೆಲಸ. ಪ್ರಾರ್ಥನೆ ನಡೆಯಬಹುದು, ಆದರೆ ಬಲವಂತವಿಲ್ಲದೆ, ಪಕ್ಷಪಾತವಿಲ್ಲದೆ. ಹಲವು ಕ್ರೈಸ್ತ ಪಾಲಕರು, ಎಲ್ಲ ಧರ್ಮ ಕಲಿಸಿದರೆ ಮಗುವಿನ ತಲೆ ಗೊಂದಲವಾಗುತ್ತದೆಂದು ವಿರೋಧಿಸಿದರು. ಮನೆಯಲ್ಲಿ ಬೇರು ಗಟ್ಟಿಯಿದ್ದರೆ ಪಕ್ಕದ ಹೊಲ ನೋಡಿದ ಮಾತ್ರಕ್ಕೆ ಗಿಡ ಅಲುಗದು ಎಂಬುದು ನಮ್ಮ ನಂಬಿಕೆ. ಮನೆಯಲ್ಲಿ ನಾವು ಹೇಳಿಕೊಡದ್ದನ್ನು ಮಾಸ್ತರರು ಬೆಳಗಿನ ಹತ್ತು ನಿಮಿಷದಲ್ಲಿ ಹೇಳಿಕೊಡಲಿ ಎನ್ನುವುದು ಸೋಮಾರಿತನ.

ಮೂರನೆಯ ಜಗಳ ಗಡಿನಾಡಿನ ನಮಗೆ ಎಲ್ಲಕ್ಕಿಂತ ಹತ್ತಿರದ್ದು. ಎರ್ಮೆಲೊ ಎಂಬ ಊರಿನಲ್ಲಿ ಆಫ್ರಿಕಾನ್ಸ್ ಮಾಧ್ಯಮದ ಒಂದು ಹಳೆಯ ಪ್ರೌಢಶಾಲೆ. ಮಕ್ಕಳ ಸಂಖ್ಯೆ ಇಳಿದು ಹಲವು ಕೋಣೆಗಳು ತೆರವಾಗಿದ್ದವು. 2007ರ ಜನವರಿಯಲ್ಲಿ ಅದೇ ಊರಿನ 113 ಮಕ್ಕಳಿಗೆ ಎಂಟನೆಯ ತರಗತಿಯಲ್ಲಿ ಜಾಗ ಸಿಗಲಿಲ್ಲ. ಅವರಿಗೆ ಬೇಕಾದದ್ದು ಇಂಗ್ಲಿಷ್ ಮಾಧ್ಯಮ. ನಮ್ಮದು ಆಫ್ರಿಕಾನ್ಸ್ ಶಾಲೆ ಎಂದು ಆಡಳಿತ ಮಂಡಳಿ ಬಾಗಿಲು ತೆರೆಯಲಿಲ್ಲ. ಆ ಮಕ್ಕಳು ಬಳಕೆ ತಪ್ಪಿದ ಒಂದು ಬಟ್ಟೆ ಒಗೆಯುವ ಕಟ್ಟಡದಲ್ಲಿ ಕೂತು ಪಾಠ ಕೇಳಿದರು. ಸಿಟ್ಟಾದ ಇಲಾಖೆ ಮಂಡಳಿಯಿಂದ ಭಾಷೆಯ ಅಧಿಕಾರವನ್ನು ಕಿತ್ತುಕೊಂಡು, ತನ್ನದೇ ತಾತ್ಕಾಲಿಕ ಸಮಿತಿ ನೇಮಿಸಿ, ಶಾಲೆಯನ್ನು ಎರಡು ಮಾಧ್ಯಮದ್ದಾಗಿ ಮಾಡಿಸಿತು.

2009ರ ಅಕ್ಟೋಬರ್ 14ರಂದು ಬಂದ ತೀರ್ಪು ಇಬ್ಬರಿಗೂ ಕಿವಿ ಹಿಂಡಿತು. ಇಲಾಖೆ ಸಮಿತಿ ನೇಮಿಸಿದ ಕ್ರಮ ಕಾನೂನಿಗೆ ವಿರುದ್ಧ, ಆದುದರಿಂದ ಆ ಸಮಿತಿ ಮಾಡಿದ ಭಾಷಾನೀತಿ ರದ್ದು. ಆದರೆ ಶಾಲೆ ಅಲ್ಲಿ ಈಗ ಓದುತ್ತಿರುವವರ ಸ್ವತ್ತಷ್ಟೇ ಅಲ್ಲ, ಹೊರಗೆ ನಿಂತ ಮಕ್ಕಳ ಅಗತ್ಯವನ್ನೂ ಮಂಡಳಿ ನೋಡಬೇಕು. ನಿಮ್ಮ ಭಾಷಾನೀತಿಯನ್ನು ನೀವೇ ಮತ್ತೆ ಪರಿಶೀಲಿಸಿ, ಗೊತ್ತುಪಡಿಸಿದ ದಿನದೊಳಗೆ ವರದಿ ಕೊಡಿ ಎಂದು ಮಂಡಳಿಗೆ ಆಜ್ಞೆಯಾಯಿತು. ಮುಂದಿನ ವರ್ಷದ ಮಕ್ಕಳಿಗೆ ಎಲ್ಲಿ ಜಾಗವಿದೆ ಎಂಬ ಲೆಕ್ಕ ಕೊಡಲು ಇಲಾಖೆಗೂ ಹೇಳಿದರು.

ಇದನ್ನು ಓದುವಾಗ ಗಡಿನಾಡ ಕನ್ನಡಿಗನ ಮನಸ್ಸು ಎರಡು ಕಡೆಗೂ ಎಳೆಯುತ್ತದೆ. ಸಣ್ಣ ಭಾಷೆಯ ಶಾಲೆ ಮುಚ್ಚಿಹೋದೀತೆಂಬ ಭಯ ನಮಗೆ ಗೊತ್ತು. 1956ರಲ್ಲಿ ನಮ್ಮ ಸಂವಿಧಾನಕ್ಕೆ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲ ಒದಗಿಸಲು ರಾಜ್ಯಗಳಿಗೆ ಹೇಳುತ್ತದೆ, ಅದೇ ನಮ್ಮ ಆಸರೆ. ಆದರೆ ಭಾಷೆಯನ್ನು ಉಳಿಸುವುದು ಬೇರೆ, ಭಾಷೆಯ ಹೆಸರಿನಲ್ಲಿ ತೆರವಾದ ಕೋಣೆಗೆ ಬೀಗ ಹಾಕುವುದು ಬೇರೆ. ಆಫ್ರಿಕಾನ್ಸ್ ಒಮ್ಮೆ ಗುಂಡಿನ ಹಿಂದೆ ನಿಂತ ಭಾಷೆ. ಗಡಿಯಾಚೆ ನಮ್ಮ ಕನ್ನಡ ಎಂದೂ ಯಾರ ಮೇಲೂ ಚಾವಟಿ ಬೀಸಿದ್ದಲ್ಲ. ಆ ವ್ಯತ್ಯಾಸವನ್ನು ನಾವು ಮರೆಯುವುದಿಲ್ಲ. ಆದರೂ ನಮ್ಮ ಶಾಲೆಗೆ ಬಂದ ಲಂಬಾಣಿ ತಾಂಡೆಯ ಮಗುವಿಗೆ ಕನ್ನಡವೂ ಮನೆಮಾತಲ್ಲ ಎಂಬುದು ನಮ್ಮ ಸಭೆಯಲ್ಲಿ ಒಬ್ಬರಿಗೂ ನೆನಪಾಗಲಿಲ್ಲ, ನಮಗೂ ಆಗಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿಯೂ ಈ ವಾದ ಮುಗಿದಿಲ್ಲ. ಭಾಷೆ ಮತ್ತು ಪ್ರವೇಶದ ಮೇಲೆ ಇಲಾಖೆಗೆ ಹೆಚ್ಚು ಅಧಿಕಾರ ಕೊಡುವ ಕಾಯಿದೆಗೆ 2024ರ ಸೆಪ್ಟೆಂಬರ್ 13ರಂದು ಅಧ್ಯಕ್ಷ ರಾಮಫೋಸಾ ಸಹಿ ಹಾಕಿದರು. ಆ ಎರಡು ಕಲಮುಗಳನ್ನು ಮಾತ್ರ ಮಾತುಕತೆಗಾಗಿ ಮೂರು ತಿಂಗಳು ತಡೆದಿಟ್ಟು, ಡಿಸೆಂಬರಿನಲ್ಲಿ ಪೂರ್ತಿ ಜಾರಿಗೆ ತಂದರು.

ಇಷ್ಟೆಲ್ಲ ಆದರೂ ಆ ನಾಡಿನ ಶಾಲೆಗಳು ಸಮನಾದವೆಂದು ಯಾರೂ ತಿಳಿಯಬಾರದು. ಪಾಲಕರು ಫೀ ಕೂಡಿಸಿ ಹೆಚ್ಚಿನ ಶಿಕ್ಷಕರನ್ನು ಇಟ್ಟುಕೊಳ್ಳಲು ಕಾಯಿದೆ ಬಿಟ್ಟಿತು, ಹೀಗಾಗಿ ಹಣವಿದ್ದ ಕಡೆ ಶಾಲೆ ಹಿಂದಿನಂತೆಯೇ ಉಳಿಯಿತು. ಇದು ನಮಗೆ ಹೊಸ ಕಥೆಯಲ್ಲ.

ಆದರೆ ಅವರ 1996ರ ಕಾಯಿದೆಯ ಒಂದು ಏರ್ಪಾಟು ನಮ್ಮಲ್ಲಿ ಬೇರು ಹಿಡಿದಿಲ್ಲ. ಶಾಲೆಯ ಆಡಳಿತ ಮಂಡಳಿಯಲ್ಲಿ ಪಾಲಕರೇ ಬಹುಮತದಲ್ಲಿರಬೇಕು. ಆದರೆ ಎಂಟನೆಯ ತರಗತಿ ಮತ್ತು ಮೇಲಿನ ತರಗತಿಗಳಿರುವ ಶಾಲೆಯಲ್ಲಿ ಮಕ್ಕಳೇ ಆರಿಸಿ ಕಳಿಸಿದ ಮಕ್ಕಳೂ ಮತದ ಹಕ್ಕಿನೊಂದಿಗೆ ಕೂಡಬೇಕು. ನಮ್ಮ 2009ರ ಕಾಯಿದೆ ಸಮಿತಿಯ ಮುಕ್ಕಾಲು ಪಾಲು ಪಾಲಕರಿರಲಿ, ಅರ್ಧ ಪಾಲು ಮಹಿಳೆಯರಿರಲಿ ಎಂದು ಹೇಳಿದೆ. ಅದು ದೊಡ್ಡ ಹೆಜ್ಜೆಯೇ. ನಾವು ಕಂಡ ಸಭೆಯಲ್ಲಿ ಮಹಿಳೆಯರು ಐದು ಜನ ಇದ್ದರು, ಗೋಡೆಗೆ ಆತು ಕೂತಿದ್ದರು, ಸಹಿ ಮಾಡುವಾಗ ಮಾತ್ರ ಅವರ ಹೆಸರು ಕರೆದರು. ಹುಡುಗರಿಗೆ ನಾಗರಿಕ ಶಾಸ್ತ್ರದ ಪಾಠದಲ್ಲಿ ಚುನಾವಣೆ, ಸಮಾನತೆ, ವಾಕ್‌ಸ್ವಾತಂತ್ರ್ಯ ಓದಿಸುತ್ತೇವೆ. ಆ ಪಾಠ ಮುಗಿಸಿ ಹೊರಬಂದ ಹುಡುಗಿ ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತು ಇದನ್ನೂ ನೋಡುತ್ತಾಳೆ. ಎರಡರಲ್ಲಿ ಯಾವ ಪಾಠ ಅವಳಲ್ಲಿ ಉಳಿಯುತ್ತದೆ?

ಅಂದು ಹೊರಡುವಾಗ ಆ ಹುಡುಗಿಯನ್ನು ಕರೆದು, "ತಂಗಿ, ನಿನ್ನ ಸಾಲ್ಯಾಗ ಏನಾಗಬೇಕು ಅಂತ ನಿನಗ ಅನಸ್ತದ?" ಎಂದು ಕೇಳಿದೆವು. ಅವಳು ಮುಖ್ಯ ಗುರುಗಳ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. ಹೇಳವ್ವ, ಅಂಜಬ್ಯಾಡ ಎಂದ ಮೇಲೆ ಸಣ್ಣ ದನಿಯಲ್ಲಿ, "ಹೆಣ್ಣಮಕ್ಕಳ ಪಾಯಖಾನಿ ಬಾಗಲಕ್ಕ ಚಿಲಕ ಇಲ್ರೀ ಅಜ್ಜಾರ. ಒಬ್ಬಾಕಿ ಒಳಗ ಹೋದ್ರ ಇನ್ನೊಬ್ಬಾಕಿ ಹೊರಗ ನಿಂದರಬೇಕ್ರೀ" ಎಂದಳು.

ಎದ್ದು ಹೊರಟಿದ್ದವರನ್ನು ಮತ್ತೆ ಕೂಡಿಸಿ ಅದನ್ನು ಠರಾವು ಪುಸ್ತಕದಲ್ಲಿ ಬರೆಸಿದೆವು. ಖರ್ಚನ್ನು ಕಿರಾಣಿ ಅಂಗಡಿಯವರು ತಾವಾಗಿಯೇ ಒಪ್ಪಿಕೊಂಡರು. ಚಿಲಕ ಕೂತಿದೆಯೆಂದೂ, ಮುಂದಿನ ಸಭೆಗೆ ಮೇಲಿನ ತರಗತಿಯ ಇಬ್ಬರು ಮಕ್ಕಳನ್ನು ಕೂಡಿಸಿಕೊಳ್ಳಲು ಸಮಿತಿ ಒಪ್ಪಿದೆಯೆಂದೂ ಮುಖ್ಯ ಗುರುಗಳು ಪತ್ರ ಬರೆದಿದ್ದಾರೆ. ಮಾಧ್ಯಮದ ಜಗಳ ಹಾಗೆಯೇ ಇದೆಯಂತೆ. ಅದನ್ನು ಆ ಸಭೆಯ ಮೊದಲ ವಿಷಯವಾಗಿ ಇಟ್ಟುಕೊಂಡಿದ್ದಾರೆ.